ಹಿಟ್ ಹಾಡುಗಳು ಸವೆದವು, ಓಡಿಸಿಬಿಟ್ಟ ಹಾಡುಗಳು ಈಗ ತಟ್ಟುತ್ತಿವೆ: ‘ಆಟೊಮ್ಯಾಟಿಕ್ ಫಾರ್ ದ ಪೀಪಲ್’ ಆಲ್ಬಮ್ಮನ್ನು ಮತ್ತೆ ಕೇಳುವ ಬಗೆ

ಪ್ರಶ್ನೆ: 1993ರಲ್ಲಿ ಮೈಸೂರಿನಲ್ಲಿ ಪಿಯುಸಿ ಓದುತ್ತಿದ್ದಾಗ ಕೇಬಲ್ ಟಿವಿಯಲ್ಲಿ ‘ಎವ್ರಿಬಡಿ ಹರ್ಟ್ಸ್’ ಹಾಡಿನ ವಿಡಿಯೊ ನೋಡಿ, ಆರ್.ಇ.ಎಂ. ಎಂಬ ಅಮೆರಿಕದ ರಾಕ್ ತಂಡದ ‘ಆಟೊಮ್ಯಾಟಿಕ್ ಫಾರ್ ದ ಪೀಪಲ್’ ಕ್ಯಾಸೆಟ್ ಕೊಂಡಿದ್ದೆ. ಆ ಹಾಡನ್ನೂ ‘ಮ್ಯಾನ್ ಆನ್ ದ ಮೂನ್’ ಹಾಡನ್ನೂ ಟೇಪು ಸವೆಯುವಷ್ಟು ಕೇಳಿದೆ, ಉಳಿದವನ್ನು ಫಾಸ್ಟ್ ಫಾರ್ವರ್ಡ್ ಮಾಡುತ್ತಿದ್ದೆ. ಮೂವತ್ತು ವರ್ಷಗಳ ನಂತರ ಈಚೆಗೆ ಇಡೀ ಆಲ್ಬಂ ಕೇಳಿದೆ. ಪ್ರೀತಿಯ ಹಿಟ್ ಹಾಡುಗಳು ಏನೂ ಮಾಡಲಿಲ್ಲ, ಆಗ ಓಡಿಸುತ್ತಿದ್ದ ಹಾಡುಗಳು ಮಾತ್ರ ಕಣ್ಣಲ್ಲಿ ನೀರು ತರಿಸಿದವು. ಇದು ನನ್ನ ವಯಸ್ಸಿನ ಪರಿಣಾಮವೋ, ಆ ಆಲ್ಬಮ್ಮಿನಲ್ಲೇ ಇರುವ ಗುಣವೋ? ಮತ್ತೆ ಸರಿಯಾಗಿ ಕೇಳಬೇಕೆಂದರೆ ಯಾವ ಆವೃತ್ತಿಯನ್ನು ಕೇಳಬೇಕು?

ಉತ್ತರ: ಎರಡೂ ನಿಜ, ಆದರೆ ಹೆಚ್ಚಿನ ಪಾಲು ಆಲ್ಬಮ್ಮಿನದೇ. ಹದಿನೇಳರ ಹುಡುಗನಿಗಾಗಿ ಬರೆದ ಒಂದು ಹಾಡು ಅದರಲ್ಲಿದೆ, ಅದು ನಿಮ್ಮನ್ನು ಹದಿನೇಳರಲ್ಲೇ ಸರಿಯಾಗಿ ಮುಟ್ಟಿತು. ಉಳಿದವುಗಳಲ್ಲಿ ಬಹುಪಾಲು ಹಾಡುಗಳು ತಂದೆ ತಾಯಿಯನ್ನು ಮಣ್ಣು ಮಾಡಿ ಬಂದವರ, ಹಳೆಯ ಗೆಳೆಯರ ಮುಖ ಮರೆಯತೊಡಗಿದವರ, ತಮ್ಮ ಕೊನೆಯನ್ನು ತಾವೇ ಯೋಚಿಸತೊಡಗಿದವರ ಹಾಡುಗಳು. ಅವು ನಿಮಗಾಗಿ ಮೂವತ್ತು ವರ್ಷ ಕಾದಿದ್ದವು ಎನ್ನಬಹುದು. ಹಿಟ್ ಹಾಡುಗಳು ಸವೆದಂತೆ ಕೇಳುತ್ತಿರುವುದಕ್ಕೆ ಮಾತ್ರ ಬೇರೆ ಕಾರಣವಿದೆ, ಮತ್ತು ಆ ಸವಕಳಿಗೆ ಪರಿಹಾರವೂ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಾನು ಬಹಳ ವರ್ಷಗಳಿಂದ ಗಿಟಾರ್ ಕಲಿಸುತ್ತಿದ್ದೇನೆ. ಈ ಆಲ್ಬಮ್ಮಿನ ಹಾಡುಗಳನ್ನು ಕಲಿಸುವಾಗಲೆಲ್ಲ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬಿದ್ದಿದೆ. ಇವನ್ನು ಒಂದೊಂದಾಗಿ ಕಿತ್ತು ತೆಗೆದಾಗ ಅವುಗಳ ಅರ್ಧ ಜೀವ ಆ ಸಾಲಿನಲ್ಲೇ ಉಳಿದುಹೋಗುತ್ತದೆ.

ಮೊದಲು ಇದನ್ನು ಮಾಡಿದವರ ವಯಸ್ಸು ನೋಡಿ. ಆಲ್ಬಂ ಹೊರಬಂದದ್ದು 1992ರ ಅಕ್ಟೋಬರ್‌ನಲ್ಲಿ. ಆಗ ಗಾಯಕ ಮೈಕಲ್ ಸ್ಟೈಪ್ ಅವರಿಗೆ 32, ಬಾಸ್ ಮತ್ತು ಪಿಯಾನೊ ನುಡಿಸುವ ಮೈಕ್ ಮಿಲ್ಸ್ ಅವರಿಗೆ 33, ಡ್ರಮ್ಸ್‌ನ ಬಿಲ್ ಬೆರಿ ಅವರಿಗೆ 34, ಗಿಟಾರ್‌ನ ಪೀಟರ್ ಬಕ್ ಅವರಿಗೆ 35. ಅಮೆರಿಕದ ಜಾರ್ಜಿಯಾ ರಾಜ್ಯದ ಏಥೆನ್ಸ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ 1980ರಲ್ಲಿ ಒಂದುಗೂಡಿದ ಈ ನಾಲ್ವರು ವರ್ಷಗಟ್ಟಲೆ ವ್ಯಾನಿನಲ್ಲಿ ಊರೂರು ಸುತ್ತಿ, ಕಾಲೇಜು ರೇಡಿಯೊಗಳ ಬಲದಿಂದ ಮೇಲೆ ಬಂದವರು. 1991ರ ‘ಔಟ್ ಆಫ್ ಟೈಮ್’ ಮತ್ತು ಅದರ ‘ಲೂಸಿಂಗ್ ಮೈ ರಿಲಿಜನ್’ ಹಾಡು ಅವರನ್ನು ಲೋಕಪ್ರಸಿದ್ಧರನ್ನಾಗಿ ಮಾಡಿದ್ದವು. ಮುಂದಿನದನ್ನು ಜೋರಾದ ರಾಕ್ ಆಲ್ಬಂ ಮಾಡಬೇಕೆಂದೇ ಅವರು ಹೊರಟಿದ್ದರು. ಆದರೆ ಸ್ಟೈಪ್ ಇಲ್ಲದೆ ಉಳಿದ ಮೂವರು ಏಥೆನ್ಸ್‌ನಲ್ಲಿ ಕುಳಿತು, ತಮ್ಮ ವಾದ್ಯಗಳನ್ನು ಅದಲುಬದಲು ಮಾಡಿಕೊಂಡು ನುಡಿಸುತ್ತಾ ಹೋದಂತೆ ಹುಟ್ಟಿದ್ದೆಲ್ಲ ನಿಧಾನದ, ಮಧ್ಯಮ ಲಯದ, ಅಕೌಸ್ಟಿಕ್ (ವಿದ್ಯುತ್ ಇಲ್ಲದ ವಾದ್ಯಗಳ) ಹಾಡುಗಳು. ಅಮೆರಿಕದಲ್ಲಿ ನಿರ್ವಾಣಾ ತಂಡದ ಅಬ್ಬರ ತಾರಕಕ್ಕೇರಿದ್ದ ವರ್ಷದಲ್ಲಿ, ಅಬ್ಬರಿಸಲು ಹೊರಟವರ ಕೈಯಿಂದ ಇಂಥ ಮೆಲುದನಿಯ ಆಲ್ಬಂ ಹೊರಬಂತು. ಅದನ್ನು ಪ್ರಚಾರ ಮಾಡಲು ಅವರು ಪ್ರವಾಸವನ್ನೂ ಕೈಗೊಳ್ಳಲಿಲ್ಲ. ಆದರೂ ಅದು ಬ್ರಿಟನ್ನಿನಲ್ಲಿ ಒಂದನೆಯ, ಅಮೆರಿಕದಲ್ಲಿ ಎರಡನೆಯ ಸ್ಥಾನಕ್ಕೇರಿತು.

ಹೆಸರಿನ ಬಗ್ಗೆ ಒಂದು ಮಾತು, ಏಕೆಂದರೆ ಬಹಳ ಜನ ಅದರಲ್ಲಿ ರಾಜಕೀಯ ಘೋಷಣೆಯೊಂದನ್ನು ಹುಡುಕಿದ್ದಾರೆ. ಏಥೆನ್ಸ್‌ನಲ್ಲಿ ಡೆಕ್ಸ್‌ಟರ್ ವೀವರ್ ಎಂಬುವರ ‘ವೀವರ್ ಡೀಸ್’ ಎಂಬ ಸಣ್ಣ ಊಟದ ಹೋಟೆಲ್ ಇತ್ತು. ಗಿರಾಕಿ ಏನು ಕೇಳಿದರೂ ಅವರ ಉತ್ತರ ‘ಆಟೊಮ್ಯಾಟಿಕ್’, ಅಂದರೆ ಈಗ ಬಂತು, ತಡವೇ ಇಲ್ಲ ಎಂಬರ್ಥದಲ್ಲಿ. ಹೋಟೆಲಿನ ಫಲಕದ ಮೇಲೂ ‘ಆಟೊಮ್ಯಾಟಿಕ್ ಫಾರ್ ದ ಪೀಪಲ್’ ಎಂದೇ ಬರೆದಿತ್ತು. ತಂಡದವರು ಅವರ ಒಪ್ಪಿಗೆ ಪಡೆದು ಆ ಮಾತನ್ನು ಆಲ್ಬಮ್ಮಿಗಿಟ್ಟರು. ಹೊದಿಕೆಯ ಮೇಲಿನ ನಕ್ಷತ್ರದಂಥ ವಸ್ತುವೂ ಅಷ್ಟೇ ಸಾಧಾರಣ ಮೂಲದ್ದು. ಮಿಯಾಮಿಯಲ್ಲಿ ಅವರು ಧ್ವನಿಮುದ್ರಣ ಮಾಡುತ್ತಿದ್ದ ಕ್ರೈಟೀರಿಯಾ ಸ್ಟುಡಿಯೊ ಬಳಿಯ ಒಂದು ಮೋಟೆಲಿನ ಫಲಕದ ಅಲಂಕಾರ ಅದು.

ಈಗ ಹಾಡುಗಳಿಗೆ ಬರೋಣ. ನೀವು ‘ಎವ್ರಿಬಡಿ ಹರ್ಟ್ಸ್’ ತಲುಪಲು ಪ್ರತಿ ಸಲವೂ ಮೂರು ಹಾಡು ಓಡಿಸಿದ್ದೀರಿ, ಏಕೆಂದರೆ ಅದು ನಾಲ್ಕನೆಯದು. ಓಡಿಸಿದ ಮೂರರಲ್ಲಿ ಮೊದಲನೆಯದು ‘ಡ್ರೈವ್’. ಆಲ್ಬಮ್ಮಿನ ಮೊದಲ ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ, ಬಿಡುಗಡೆಯಾದದ್ದು ಇದೇ. ಇದನ್ನು ಆರಿಸಿದ್ದು ಎದೆಗಾರಿಕೆಯ ಕೆಲಸ. ಹಾಡಿಗೆ ಪಲ್ಲವಿಯೇ ಇಲ್ಲ, ಎಲ್ಲಿಯೂ ಕೈಚಾಚಿ ಕೇಳುಗರನ್ನು ಕರೆಯುವುದಿಲ್ಲ. ಒಂಟಿ ಗಿಟಾರ್, ಪ್ರತಿಧ್ವನಿಸುವ ಒಂಟಿ ಕಂಠ, ಬಹಳ ಹೊತ್ತಿನ ಮೇಲೆ ಬರುವ ಪಿಟೀಲುಗಳ ಗುಂಪು, ಇವೇ ಮುಖ್ಯ. ಎಳೆಯರನ್ನು ಉದ್ದೇಶಿಸಿ ಹಿರಿಯನೊಬ್ಬ, ನಿಮಗೆ ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳುವುದಿಲ್ಲ ಎಂದು ಶುರುಮಾಡುತ್ತಾನೆ. ಅಮೆರಿಕದ ಪಟ್ಟಿಯಲ್ಲಿ ಅದು 28ರವರೆಗೆ ಮಾತ್ರ ಏರಿತು. ಆದರೆ ಇಡೀ ಆಲ್ಬಮ್ಮಿಗೆ ಬಾಗಿಲು ಅದೇ. ಆ ಬಾಗಿಲಿನಿಂದ ಒಳಗೆ ಹೋದವರಿಗೆ ಮಾತ್ರ ಒಳಗಿನ ಮಬ್ಬಿಗೆ ಕಣ್ಣು ಹೊಂದಿಕೊಳ್ಳುತ್ತದೆ.

ಎರಡನೆಯದು ‘ಟ್ರೈ ನಾಟ್ ಟು ಬ್ರೀದ್’. ನಿಮ್ಮನ್ನು ಅಳಿಸಿದ ಹಾಡುಗಳಲ್ಲಿ ಇದೂ ಒಂದೆಂದು ಊಹಿಸುತ್ತೇನೆ. ಬದುಕು ಸಾಕೆನಿಸಿದ ವೃದ್ಧಜೀವವೊಂದು ಮನೆಯವರಿಗೆ ಹೊರೆಯಾಗದಂತೆ ಹೊರಡಲು ಬಯಸಿ, ನಾನು ಕಂಡದ್ದನ್ನು ನೆನಪಿಟ್ಟುಕೊಳ್ಳಿ ಎಂದು ಕೇಳಿಕೊಳ್ಳುವ ಹಾಡು ಅದು. ಹೆಸರು ಹುಟ್ಟಿದ್ದು ಮಾತ್ರ ಧ್ವನಿಮುದ್ರಣದ ಒಂದು ಸಣ್ಣ ತೊಡಕಿನಿಂದ. ಪೀಟರ್ ಬಕ್ ನುಡಿಸುವಾಗ ಅವರ ಉಸಿರಾಟದ ಸದ್ದು ಮೈಕಿಗೆ ಬೀಳುತ್ತಿದೆ ಎಂದು ಇಂಜಿನಿಯರ್ ಹೇಳಿದಾಗ, ಉಸಿರಾಡದಿರಲು ಪ್ರಯತ್ನಿಸುತ್ತೇನೆ ಎಂದು ಅವರು ಉತ್ತರಿಸಿದರು. ಆ ಮಾತು ಸ್ಟೈಪ್ ಅವರ ಕೈಗೆ ಸಿಕ್ಕು ಸಾವಿನ ಹಾಡಾಯಿತು. ಹಾಡು ಆರರ ಎಣಿಕೆಯಲ್ಲಿ ತೊಟ್ಟಿಲು ತೂಗಿದಂತೆ ತೂಗುತ್ತದೆ, ಮಾತಿನಲ್ಲಿರುವುದು ಮರಣಶಯ್ಯೆ. ಹದಿನೇಳರಲ್ಲಿ ಕೇಳಿಸುವುದು ಆ ತೂಗಾಟ ಮಾತ್ರ.

ಮೂರನೆಯ ‘ದ ಸೈಡ್‌ವೈಂಡರ್ ಸ್ಲೀಪ್ಸ್ ಟುನೈಟ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ದ ಲಯನ್ ಸ್ಲೀಪ್ಸ್ ಟುನೈಟ್’ ಎಂಬ ಹಳೆಯ ಹಾಡಿನ ಕೂಗನ್ನು ನೆನಪಿಸುತ್ತಾ ಆರಂಭವಾಗುವ ಇದರಲ್ಲಿ, ಒಂದು ಹೆಸರಿನ ಉಚ್ಚಾರ ತಪ್ಪಿ ಸ್ಟೈಪ್ ನಕ್ಕುಬಿಡುವುದು ಹಾಗೆಯೇ ಉಳಿದಿದೆ. ಸಾವು, ಕಾಲ, ಕುಟುಂಬ ಎಂದು ಭಾರವಾಗಿದ್ದ ಆಲ್ಬಮ್ಮಿನಲ್ಲಿ ಸ್ವಲ್ಪ ಹಗುರ ಬೇಕೆಂದು ಇದನ್ನು ಸೇರಿಸಿದೆವು, ಆದರೆ ಅತಿಯಾಗಿ ಹಗುರವಾಯಿತೇನೋ ಎಂಬುದು ಈಗ ನಮ್ಮ ಅನಿಸಿಕೆ ಎಂಬರ್ಥದಲ್ಲಿ ಬಕ್ ಅವರೇ 2003ರ ‘ಇನ್ ಟೈಮ್’ ಸಂಕಲನದ ಟಿಪ್ಪಣಿಯಲ್ಲಿ ಬರೆದಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಎರಡು ಸಾವಿನ ಮನೆಗಳ ನಡುವೆ ಒಂದು ನಗು ಬೇಕೇಬೇಕು, ಮತ್ತು ಆ ನಗುವಿನ ಪಕ್ಕದಲ್ಲೇ ‘ಎವ್ರಿಬಡಿ ಹರ್ಟ್ಸ್’ ಶುರುವಾಗುವುದರಿಂದ ಅದರ ಮೊದಲ ಮೌನ ಇನ್ನಷ್ಟು ಆಳವಾಗುತ್ತದೆ.

ನಿಮ್ಮ ಹದಿನೇಳರ ಹಾಡು ಅದು, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಹಾಡಿನ ಬಹುಭಾಗವನ್ನು ಕಟ್ಟಿದವರು ಡ್ರಮ್ಸ್ ನುಡಿಸುವ ಬಿಲ್ ಬೆರಿ. ವಿಶೇಷವೆಂದರೆ ಅದರಲ್ಲಿ ಉದ್ದಕ್ಕೂ ಟಕ್ ಟಕ್ ಎನ್ನುವುದು ಅವರ ಡ್ರಮ್ಸ್ ಅಲ್ಲ, ಯೂನಿವಾಕ್ಸ್ ಎಂಬ ಅಗ್ಗದ ಡ್ರಮ್ ಯಂತ್ರ. ಬೆರಿ ಅವರ ಕೈ ಕೇಳುವುದು ನಡುವೆ ಸ್ವರದ ಬಣ್ಣ ಕಪ್ಪಾಗಿ ತಿರುಗುವ ಭಾಗದಲ್ಲಿ. ಗಿಟಾರ್ ಕಲಿಯಲು ಬರುವ ಮಕ್ಕಳಿಗೆ ಮೊದಲ ಕೆಲವು ತಿಂಗಳಲ್ಲೇ ನಾನು ಈ ಹಾಡು ಕೊಡುತ್ತೇನೆ. ಆರಂಭದ ಚರಣದಲ್ಲಿ ಎಡಗೈಗೆ ಡಿ ಮತ್ತು ಜಿ ಎಂಬ ಎರಡೇ ಕಾರ್ಡುಗಳು, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು. ಬಲಗೈ ಆರು ಎಣಿಕೆಗೆ ಒಂದೊಂದು ತಂತಿಯಂತೆ ಮೇಲೆ ಹತ್ತಿ ಕೆಳಗಿಳಿಯಬೇಕು. ನಮ್ಮವರಿಗೆ ವಿವರಿಸುವಾಗ ತಿಶ್ರ ನಡೆಯನ್ನು ತೀರಾ ವಿಳಂಬದಲ್ಲಿ ಹಾಕಿಕೊಳ್ಳಿ ಎನ್ನುತ್ತೇನೆ, ಕೂಡಲೇ ಹಿಡಿತ ಸಿಗುತ್ತದೆ. ಬೆರಳುಗಳಿಗೆ ಇದು ಬಹಳ ಸುಲಭ. ಆದರೂ ಹತ್ತರಲ್ಲಿ ಒಂಬತ್ತು ಮಕ್ಕಳು ಮೂರನೆಯ ಸುತ್ತಿಗೆ ಓಡತೊಡಗುತ್ತಾರೆ, ಏಕೆಂದರೆ ಇಷ್ಟು ನಿಧಾನದಲ್ಲಿ ಏನನ್ನೂ ಸೇರಿಸದೆ ಸುಮ್ಮನೆ ಇರುವುದಕ್ಕೆ ಮನಸ್ಸು ಒಪ್ಪುವುದಿಲ್ಲ. ಆ ಯಂತ್ರವನ್ನು ಅಲ್ಲಿ ಉಳಿಸಿಕೊಂಡದ್ದು ಎಷ್ಟು ಸರಿಯಾದ ನಿರ್ಧಾರವೆಂದು ನನಗೆ ಅರ್ಥವಾದದ್ದು ಆ ಮಕ್ಕಳ ಕೈಗಳನ್ನು ನೋಡುತ್ತಾ. ಯಂತ್ರಕ್ಕೆ ಅವಸರವಿಲ್ಲ, ಅನುಕಂಪವನ್ನು ತೋರಿಸಿಕೊಳ್ಳುವ ಚಪಲವೂ ಇಲ್ಲ. ಆಸ್ಪತ್ರೆಯ ಮಂಚದ ಪಕ್ಕ ಮಾತಿಲ್ಲದೆ ರಾತ್ರಿಯಿಡೀ ಕುಳಿತವರಂತೆ ಅದು ಲೆಕ್ಕ ಹಾಕುತ್ತಾ ಇರುತ್ತದೆ.

ಮಾತುಗಳ ವಿಷಯವೂ ಹಾಗೆಯೇ. ಸ್ಟೈಪ್ ಅವರ ಹಿಂದಿನ ಹಾಡುಗಳ ಮಾತು ಒಗಟಿನಂತಿರುತ್ತಿತ್ತು, ಉಚ್ಚಾರವೂ ಅಸ್ಪಷ್ಟ. ಇಲ್ಲಿ ಮಾತ್ರ ಎಲ್ಲವೂ ನೇರ, ಏಕೆಂದರೆ ಹಾಡು ಹದಿಹರೆಯದವರನ್ನು ಉದ್ದೇಶಿಸಿತ್ತು ಎಂದು ತಂಡದವರು ಹೇಳಿದ್ದಾರೆ. ಸಾಯಬೇಕೆನಿಸಿದ ಹುಡುಗ ಅಥವಾ ಹುಡುಗಿಗೆ ಒಗಟು ಬಿಡಿಸುವ ಶಕ್ತಿ ಇರುವುದಿಲ್ಲ ಎಂಬುದನ್ನು ಅವರು ತಿಳಿದಿದ್ದರು. ಬ್ರಿಟನ್ನಿನಲ್ಲಿ ಆತ್ಮಹತ್ಯೆ ತಡೆಯಲು ದುಡಿಯುವ ಸಮಾರಿಟನ್ಸ್ ಸಂಸ್ಥೆ 1990ರ ದಶಕದಲ್ಲಿ ತನ್ನ ಜಾಹೀರಾತಿಗೆ ಈ ಹಾಡಿನ ಸಾಲುಗಳನ್ನೇ ಬಳಸಿತು. 2010ರಲ್ಲಿ ಹೈಟಿಯ ಭೂಕಂಪದ ಸಂತ್ರಸ್ತರಿಗಾಗಿ ಹಲವು ಗಾಯಕರು ಸೇರಿ ಇದನ್ನು ಹಾಡಿದರು. ನೀವು ನೋಡಿದ ವಿಡಿಯೊವನ್ನು ಜೇಕ್ ಸ್ಕಾಟ್ ನಿರ್ದೇಶಿಸಿದ್ದರು. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಹೆದ್ದಾರಿಯ ಮೇಲೆ ವಾಹನಗಳು ಸಾಲುಗಟ್ಟಿ ನಿಂತಿವೆ, ಒಳಗೆ ಕುಳಿತ ಒಬ್ಬೊಬ್ಬರ ಮನಸ್ಸಿನ ಮಾತು ಅಕ್ಷರಗಳಲ್ಲಿ ಮೂಡುತ್ತದೆ, ಕೊನೆಗೆ ಎಲ್ಲರೂ ಕಾರು ಬಿಟ್ಟು ನಡೆದುಹೋಗುತ್ತಾರೆ. 1994ರ ಎಂಟಿವಿ ಪ್ರಶಸ್ತಿಗಳಲ್ಲಿ ಅದು ನಾಲ್ಕನ್ನು ಗೆದ್ದಿತು.

ಹೀಗೆ ವಿಡಿಯೊ, ಜಾಹೀರಾತು, ಚಲನಚಿತ್ರ, ಟಿವಿಯ ಗಾಯನ ಸ್ಪರ್ಧೆ ಎಂದು ಎಲ್ಲೆಲ್ಲೂ ಬಳಕೆಯಾದ ಹಾಡು ಸವೆಯದೆ ಇರುತ್ತದೆಯೇ? ದುಃಖದ ದೃಶ್ಯ ಬಂದಾಗ ಹಚ್ಚುವ ದೀಪದಂತಾಯಿತು ಅದು. ಇದು ಹಾಡಿನ ದೋಷವಲ್ಲ, ನಿಮ್ಮ ಕಿವಿಯ ದೋಷವೂ ಅಲ್ಲ. ಹಾಡು ಮುಗಿದ ಕೂಡಲೇ ನೀವು ರಿವೈಂಡ್ ಮಾಡುತ್ತಿದ್ದಿರಿ. ಆದರೆ ಆಲ್ಬಮ್ಮಿನಲ್ಲಿ ಅದರ ಹಿಂದೆಯೇ ಎರಡು ನಿಮಿಷದ, ಮಾತಿಲ್ಲದ ‘ನ್ಯೂ ಆರ್ಲಿಯನ್ಸ್ ಇನ್‌ಸ್ಟ್ರುಮೆಂಟಲ್ ನಂ. 1’ ಬರುತ್ತದೆ. ಅತ್ತು ಮುಗಿಸಿದವರು ಮುಖ ತೊಳೆದು ಬರಲು ಕೊಟ್ಟ ಬಿಡುವು ಅದು. ಆಮೇಲೆ ‘ಸ್ವೀಟ್‌ನೆಸ್ ಫಾಲೋಸ್’. ನಾಕ್ಸ್ ಚಾಂಡ್ಲರ್ ಅವರ ಚೆಲ್ಲೊ ಎಂಬ ದೊಡ್ಡ ಪಿಟೀಲು ನೆಲಮಟ್ಟದಲ್ಲಿ ಗುನುಗುತ್ತದೆ, ಅದರ ಮೇಲೆ ಗಿಟಾರಿನ ಫೀಡ್‌ಬ್ಯಾಕ್, ಅಂದರೆ ಸ್ಪೀಕರಿನ ಕಿರುಚು, ಗೀರುತ್ತದೆ, ತಂದೆ ತಾಯಿಯನ್ನು ಹೂಳಲು ಒಟ್ಟಿಗೆ ಸೇರಿದ ಒಡಹುಟ್ಟಿದವರು ತಾವು ಎಷ್ಟು ದೂರವಾಗಿದ್ದೇವೆಂದು ಅರಿಯುತ್ತಾರೆ. ಎಲ್ಲರಿಗೂ ನೋವಿದೆ ಎಂದು ಹದಿಹರೆಯದವರಿಗೆ ಹೇಳಿದ ಮಾತಿಗೆ, ಆ ನೋವು ಏನೆಂದು ತಿಳಿದವರ ಉತ್ತರ ಇದು. ಎರಡನ್ನೂ ಒಂದರ ಹಿಂದೊಂದು ಕೇಳಿದರೆ ‘ಎವ್ರಿಬಡಿ ಹರ್ಟ್ಸ್’ ಮತ್ತೆ ಹೊಸದಾಗುತ್ತದೆ, ಇದನ್ನು ನಾನು ನನ್ನ ಮೇಲೆಯೇ ಪ್ರಯೋಗಿಸಿ ನೋಡಿದ್ದೇನೆ. ಎಲ್‌ಪಿಯಲ್ಲಿ ಮೊದಲ ಬದಿ ಮುಗಿಯುವುದು ಇಲ್ಲಿಯೇ.

ಈ ಎಲ್ಲ ಸಾವಿನ ಮಾತು ಕೇಳಿ, ಆಗ ತೀರಾ ಸೊರಗಿದ್ದ ಸ್ಟೈಪ್ ಅವರಿಗೆ ಗಂಭೀರ ಕಾಯಿಲೆಯಿದೆ ಎಂಬ ಗಾಳಿಸುದ್ದಿ ಹಬ್ಬಿತ್ತು. ಅದು ಸುಳ್ಳು, ಆದರೆ ಅನೇಕರು ಆಲ್ಬಮ್ಮನ್ನು ಒಬ್ಬನ ವಿದಾಯಪತ್ರವೆಂದು ಓದಿದ್ದರಿಂದ ಅದರ ಮುಖ್ಯ ಗುಣವೇ ತಪ್ಪಿಹೋಯಿತು. ಇಲ್ಲಿ ಮಾತಾಡುವವರು ಬೇರೆ ಬೇರೆ ಜನ. ಎರಡನೆಯ ಬದಿ ಆರಂಭವಾಗುವುದು ‘ಮಾಂಟಿ ಗಾಟ್ ಎ ರಾ ಡೀಲ್’ ಹಾಡಿನಿಂದ. ಬಕ್ ಅವರ ಬುಝೂಕಿ ಎಂಬ ಗ್ರೀಕ್ ತಂತಿವಾದ್ಯದ ಮೇಲೆ ಕಟ್ಟಿದ ಈ ಹಾಡು 1966ರಲ್ಲಿ ತೀರಿಕೊಂಡ ನಟ ಮಾಂಟ್‌ಗೊಮರಿ ಕ್ಲಿಫ್ಟ್ ಅವರನ್ನು ನೆನೆಯುತ್ತದೆ. ‘ಇಗ್ನೋರ್‌ಲ್ಯಾಂಡ್’ ರೇಗನ್ ಮತ್ತು ಬುಷ್ ಆಳಿದ ಹನ್ನೆರಡು ವರ್ಷಗಳ ಮೇಲಿನ ಸಿಟ್ಟು. ಸಿಟ್ಟು ನ್ಯಾಯವಾದದ್ದೇ ಇರಬಹುದು, ಆದರೆ ಹಾಡಾಗಿ ಅದು ಇಲ್ಲಿ ಹೊಂದುವುದಿಲ್ಲ. ನೀವು ಓಡಿಸಿದ ಹಾಡುಗಳಲ್ಲಿ ಇದೊಂದನ್ನು ಈಗಲೂ ಓಡಿಸಿದರೆ ನನ್ನ ಆಕ್ಷೇಪವಿಲ್ಲ.

‘ಮ್ಯಾನ್ ಆನ್ ದ ಮೂನ್’ ಹತ್ತನೆಯದು. 1984ರಲ್ಲಿ 35ನೆಯ ವಯಸ್ಸಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ ಹಾಸ್ಯನಟ ಆ್ಯಂಡಿ ಕಾಫ್‌ಮನ್ ಅವರ ಬಗ್ಗೆ ಇದು. ನಿಜಕ್ಕೂ ಕುಸ್ತಿಯೋ ನಾಟಕವೋ, ನಿಜಕ್ಕೂ ಸಿಟ್ಟೋ ಅಭಿನಯವೋ ಎಂದು ಪ್ರೇಕ್ಷಕರಿಗೆ ತಿಳಿಯದಂತೆ ಮಾಡುತ್ತಿದ್ದವರು ಅವರು. ಸತ್ತಾಗಲೂ ಇದು ಅವರದೇ ಇನ್ನೊಂದು ಆಟವೆಂದು ಹಲವರು ನಂಬಿದರು. ಹಾಡಿನ ಮೊದಲ ಕರಡಿನ ಹೆಸರು ‘ಸಿ ಟು ಡಿ ಸ್ಲೈಡ್ 13’. ಬೆರಿ ಅವರ ಬಳಿ ಸಿ ಕಾರ್ಡಿನಿಂದ ಡಿ ಕಾರ್ಡಿಗೆ ಜಾರುವ ಒಂದು ತುಣುಕಿತ್ತು, ಮುಂದೇನು ಮಾಡಬೇಕೆಂದು ಅವರಿಗೇ ಗೊತ್ತಿರಲಿಲ್ಲ. ಉಳಿದವರು ಅದನ್ನು ಪೂರ್ತಿ ಮಾಡಿದರು. ಆದರೆ ಮಾತು ಹುಟ್ಟದೆ ಹಾಡು ಕೊನೆಯ ಗಳಿಗೆಯವರೆಗೂ ಬರಿಯ ವಾದ್ಯಸಂಗೀತವಾಗಿಯೇ ಉಳಿದಿತ್ತು. ಸಿಯಾಟಲ್‌ನಲ್ಲಿ ಮಿಕ್ಸಿಂಗ್ ನಡೆಯುತ್ತಿದ್ದಾಗ ಸ್ಟೈಪ್ ವಾಕ್‌ಮನ್ ಹಾಕಿಕೊಂಡು ಬೀದಿ ಸುತ್ತುತ್ತಾ ಮಾತು ಕಟ್ಟಿದರು. ನಡುನಡುವೆ ಬರುವ ‘ಯಾ ಯಾ ಯಾ’ಗಳು ನಿರ್ವಾಣಾದ ಕರ್ಟ್ ಕೋಬೇನ್ ತಮ್ಮ ಹಾಡುಗಳಲ್ಲಿ ಬಳಸುತ್ತಿದ್ದುದಕ್ಕಿಂತ ಹೆಚ್ಚಾಗಿರಲಿ ಎಂದು ಎಣಿಸಿ ಹಾಕಿದವು ಎಂದೂ ಅವರೇ ಹೇಳಿದ್ದಾರೆ. ಅದೇ ಕೋಬೇನ್ ಮುಂದೆ, ತಮ್ಮ ಮುಂದಿನ ಆಲ್ಬಂ ಆರ್.ಇ.ಎಂ.ನ ಇದರಂತೆ ಅಕೌಸ್ಟಿಕ್ ಆಗಿರಬೇಕೆಂಬ ಆಸೆ ಹೇಳಿಕೊಂಡಿದ್ದರು. 1994ರ ಏಪ್ರಿಲ್‌ನಲ್ಲಿ ಅವರು ಇಲ್ಲವಾದರು.

ಈ ಹಾಡಿನ ಒಂದು ಗುಟ್ಟನ್ನು ಕೇಳಿ ನೋಡಿ. ಚರಣದಲ್ಲಿ ಸಿ ಮತ್ತು ಡಿ ನಡುವೆ ಗಿಟಾರ್ ತೂಗಾಡುತ್ತಲೇ ಇರುತ್ತದೆ, ಯಾವುದು ಮನೆ, ಯಾವುದು ದಾರಿ ಎಂದು ಕಿವಿಗೆ ತಿಳಿಯುವುದಿಲ್ಲ. ಪಲ್ಲವಿ ಬಂದಾಗ ಹಾಡು ಜಿ ಕಾರ್ಡಿಗೆ ಇಳಿಯುತ್ತದೆ, ಆಗ ಆಧಾರ ಶ್ರುತಿ ಸಿಕ್ಕ ನೆಮ್ಮದಿಯಾಗುತ್ತದೆ. ಚಂದ್ರನ ಮೇಲೆ ಮನುಷ್ಯ ನಡೆದದ್ದನ್ನು ನಂಬಿದರೆ ಎಂದು ಕೇಳುವ ಮಾತು ಬರುವುದು ಸರಿಯಾಗಿ ಆ ನೆಮ್ಮದಿಯ ಜಾಗದಲ್ಲಿ. ನಂಬಬೇಕೋ ಬೇಡವೋ ಎಂಬ ಡೋಲಾಯಮಾನ ಚರಣದಲ್ಲಿದೆ, ನಂಬಿದ ಸುಖ ಪಲ್ಲವಿಯಲ್ಲಿದೆ. ಒಂಬತ್ತು ಹಾಡುಗಳ ಸಾವನ್ನು ದಾಟಿ ಬಂದ ಕಿವಿಗೆ, ಸತ್ತವನೊಬ್ಬ ಎಲ್ಲೋ ಮರೆಯಲ್ಲಿ ನಗುತ್ತಾ ಇದ್ದಾನೇನೋ ಎಂಬ ಈ ಆಸೆ ಹಗುರವಾದ ತಮಾಷೆಯಾಗಿ ಕೇಳುವುದಿಲ್ಲ. ಅದನ್ನು ಹಿಟ್ ಹಾಡಿನ ಪಟ್ಟಿಯಿಂದ ಒಂಟಿಯಾಗಿ ಹಾಕಿಕೊಂಡಾಗ ತಮಾಷೆ ಮಾತ್ರ ಉಳಿಯುತ್ತದೆ.

ಆವೃತ್ತಿಯ ಬಗ್ಗೆ ಕೇಳಿದ್ದೀರಿ. 2017ರ ನವೆಂಬರ್‌ನಲ್ಲಿ ಇಪ್ಪತ್ತೈದನೆಯ ವರ್ಷದ ನೆನಪಿಗೆ ಬಂದ ಆವೃತ್ತಿಯಲ್ಲಿ ಆಲ್ಬಮ್ಮಿನ ಜೊತೆ ಎರಡು ಮುಖ್ಯ ಸಂಗತಿಗಳಿವೆ. ಒಂದು, 1992ರ ನವೆಂಬರ್ 19ರಂದು ಏಥೆನ್ಸ್‌ನ 40 ವಾಟ್ ಕ್ಲಬ್ಬಿನಲ್ಲಿ ಗ್ರೀನ್‌ಪೀಸ್ ಎಂಬ ಪರಿಸರ ಸಂಸ್ಥೆಗಾಗಿ ನಡೆದ ಕಛೇರಿ. ಪ್ರವಾಸವೇ ಇಲ್ಲದ ಆ ಕಾಲದಲ್ಲಿ ಈ ಹಾಡುಗಳನ್ನು ಅವರು ವೇದಿಕೆಯಲ್ಲಿ ನುಡಿಸಿದ ಅಪರೂಪದ ದಾಖಲೆ ಅದು. ಇನ್ನೊಂದು, ಇಪ್ಪತ್ತು ಕರಡು ಹಾಡುಗಳು. ಮೇಲೆ ಹೇಳಿದ ‘ಸಿ ಟು ಡಿ ಸ್ಲೈಡ್ 13’ ಅಲ್ಲಿ ಸಿಗುತ್ತದೆ, ‘ಸ್ವೀಟ್‌ನೆಸ್ ಫಾಲೋಸ್’ ಹಾಡಿನ ಬೀಜ ‘ಚೆಲ್ಲೊ ಸ್ಕಡ್’ ಎಂಬ ಹೆಸರಿನಲ್ಲಿದೆ. ಮೂಲದಲ್ಲಿ ತಂಡದೊಂದಿಗೆ ದುಡಿದ ನಿರ್ಮಾಪಕ ಸ್ಕಾಟ್ ಲಿಟ್ ಮತ್ತು ಇಂಜಿನಿಯರ್ ಕ್ಲಿಫ್ ನೊರೆಲ್ ಅವರೇ ಮಾಡಿದ ಡಾಲ್ಬಿ ಅಟ್ಮೋಸ್ (ಸುತ್ತಲಿನಿಂದಲೂ ಕೇಳುವಂಥ ಧ್ವನಿ) ಮಿಶ್ರಣವೂ ಆ ಆವೃತ್ತಿಯೊಂದಿಗೆ ಬಂತು. ಇದನ್ನು ಅಟ್ಮೋಸ್‌ನಲ್ಲಿ ಮಾರಾಟಕ್ಕೆ ಬಂದ ಮೊದಲ ಆಲ್ಬಂ ಎಂದು ಹೇಳಲಾಯಿತು.

ನನ್ನ ಸಲಹೆ ಸರಳ. ಮೊದಲು ಸ್ಟೀರಿಯೊದಲ್ಲಿಯೇ ಕೇಳಿ. 1992ರ ಸಿಡಿ, ಹಳದಿ ಟ್ರೇ ಇರುವುದು, ಯಾರ ಬಳಿಯಾದರೂ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಫೋನಿನ ಸ್ಟ್ರೀಮಿಂಗ್ ಸಾಕು. ಇಡೀ ಆಲ್ಬಂ 49 ನಿಮಿಷಕ್ಕಿಂತ ಸ್ವಲ್ಪ ಕಡಿಮೆ, ಹನ್ನೆರಡು ಹಾಡು. ಷಫಲ್ ಬಂದ್ ಮಾಡಿ, ರಾತ್ರಿ ಹೊತ್ತು ಒಂದೇ ಪಟ್ಟಿಗೆ ಕೇಳಿ. ಅಟ್ಮೋಸ್‌ಗೆ ಹೋಗುವುದು ಅದಾದ ಮೇಲೆ. ಪಿಟೀಲು, ಚೆಲ್ಲೊಗಳು ಎಲ್ಲಿ ಬಂದು ಎಲ್ಲಿ ಹಿಂದೆ ಸರಿಯುತ್ತವೆ ಎಂಬುದು ಅದರಲ್ಲಿ ಬಿಡಿಬಿಡಿಯಾಗಿ ತಿಳಿಯುತ್ತದೆ. ಆ ವಾದ್ಯಗಳ ಜೋಡಣೆ ಬರೆದವರು ಲೆಡ್ ಝೆಪ್ಪೆಲಿನ್ ತಂಡದ ಜಾನ್ ಪಾಲ್ ಜೋನ್ಸ್. ನುಡಿಸಿದವರು ಅಟ್ಲಾಂಟಾದ ಸಿಂಫನಿ ವಾದ್ಯವೃಂದದ ಕಲಾವಿದರು. ‘ಡ್ರೈವ್’, ‘ಸೈಡ್‌ವೈಂಡರ್’, ‘ಎವ್ರಿಬಡಿ ಹರ್ಟ್ಸ್’, ‘ನೈಟ್‌ಸ್ವಿಮಿಂಗ್’ ಈ ನಾಲ್ಕಕ್ಕೆ ಮಾತ್ರ ಅವರ ಕೈ ಸೋಕಿದೆ. ಜೋನ್ಸ್ ಎಲ್ಲಿಯೂ ಹಾಡಿನ ಮೇಲೆ ಸಕ್ಕರೆ ಸುರಿದಿಲ್ಲ. ‘ಎವ್ರಿಬಡಿ ಹರ್ಟ್ಸ್’ನಲ್ಲಿ ತಂತಿವಾದ್ಯಗಳು ಎಷ್ಟು ತಡವಾಗಿ, ಎಷ್ಟು ಮೆಲ್ಲಗೆ ಒಳಬರುತ್ತವೆ ಎಂಬುದನ್ನು ಮುಂದಿನ ಸಲ ಗಮನಿಸಿ.

ಕೇಳುವಾಗ ‘ಮ್ಯಾನ್ ಆನ್ ದ ಮೂನ್’ ಮುಗಿಯಿತೆಂದು ಹಳೆಯ ಅಭ್ಯಾಸದಂತೆ ಕೈ ಬಟನ್ನಿಗೆ ಹೋಗಬಾರದು. ಉಳಿದ ಎರಡು ಹಾಡುಗಳಿಗಾಗಿಯೇ ಹಿಂದಿನ ಹತ್ತು ದಾರಿ ಮಾಡಿಕೊಟ್ಟಿವೆ. ಅವೂ ಸಿಂಗಲ್‌ಗಳಾಗಿ ಬಂದವು, ಆದರೆ ಬ್ರಿಟನ್ನಿನ ಪಟ್ಟಿಯಲ್ಲಿ ‘ನೈಟ್‌ಸ್ವಿಮಿಂಗ್’ 27ಕ್ಕೂ ‘ಫೈಂಡ್ ದ ರಿವರ್’ 54ಕ್ಕೂ ನಿಂತವು. ‘ನೈಟ್‌ಸ್ವಿಮಿಂಗ್’ನಲ್ಲಿ ಡ್ರಮ್ಸ್ ಇಲ್ಲ, ಗಿಟಾರ್ ಇಲ್ಲ. ಮಿಲ್ಸ್ ಅವರ ಪಿಯಾನೊ ಒಂದೇ ಸುತ್ತನ್ನು ಸುತ್ತುತ್ತಲೇ ಇರುತ್ತದೆ. ಅದು ಮಿಯಾಮಿಯ ಕ್ರೈಟೀರಿಯಾ ಸ್ಟುಡಿಯೊದ ಪಿಯಾನೊ, ಎರಿಕ್ ಕ್ಲ್ಯಾಪ್ಟನ್ ಅವರ ‘ಲೇಲಾ’ದ ಕೊನೆಯಲ್ಲಿ ಕೇಳುವುದೂ ಅದೇ ಎಂದು ಮಿಲ್ಸ್ ಹೇಳಿದ್ದಾರೆ. ಕೊನೆಕೊನೆಗೆ ಡೆಬೊರಾ ವರ್ಕ್‌ಮನ್ ಅವರ ಓಬೊ ಎಂಬ ಊದುವ ವಾದ್ಯ ಒಂದು ಎಳೆಯಾಗಿ ಬರುತ್ತದೆ. ಹಿಂದೊಮ್ಮೆ ಗೆಳೆಯರೆಲ್ಲ ಕತ್ತಲಲ್ಲಿ ಬಟ್ಟೆ ಕಳಚಿಟ್ಟು ಈಜಿದ್ದ ನೆನಪು ಹಾಡಿನ ವಸ್ತು. ನೆನೆಯುವವನು ಕಾರಿನಲ್ಲಿದ್ದಾನೆ. ವರ್ಷಗಳ ಹಿಂದೆ ತೆಗೆದ ಫೋಟೊ ಡ್ಯಾಶ್‌ಬೋರ್ಡಿನ ಮೇಲಿದೆ, ಒಂದೊಂದು ಬೀದಿದೀಪ ದಾಟಿದಾಗಲೂ ಅದು ಮುಂದಿನ ಗಾಜಿನಲ್ಲಿ ತಿರುಗುಮುರುಗಾಗಿ ಮೂಡುತ್ತದೆ. ಇದನ್ನು ನೀವು ಹದಿನೇಳರಲ್ಲಿ ಓಡಿಸಿದ್ದರಲ್ಲಿ ಆಶ್ಚರ್ಯವೇನಿದೆ? ಆಗ ನಿಮ್ಮ ಬಳಿ ಅಂಥ ಫೋಟೊ ಇರಲಿಲ್ಲ.

ಆಮೇಲೆ ‘ಫೈಂಡ್ ದ ರಿವರ್’. ನದಿ ಸಮುದ್ರಕ್ಕೆ ಹೋಗುತ್ತದೆ, ಹಿರಿಯನೊಬ್ಬ ಕಿರಿಯನಿಗೆ ದಾರಿ ಬಿಟ್ಟುಕೊಡುತ್ತಾನೆ. ನಡುವೆ ಶುಂಠಿ, ನಿಂಬೆ, ನೀಲಿ, ಕೊತ್ತಂಬರಿ ಎಂದು ಗಿಡಗಳ, ಪರಿಮಳಗಳ ಹೆಸರುಗಳು ಸಾಲಾಗಿ ಬಂದು ತಲೆಯೊಳಗೆ ಹರಿದು ಜಾರಿಹೋಗುತ್ತವೆ. ಅವುಗಳಲ್ಲಿ ವೆಟಿವರ್ ಕೂಡ ಒಂದು. ತಮಿಳಿನ ವೆಟ್ಟಿವೇರ್‌ನಿಂದ ಇಂಗ್ಲಿಷಿಗೆ ಹೋದ ಆ ಪದ ನಮ್ಮ ಲಾವಂಚದ ಹೆಸರು. ಇದು ತಿಳಿದ ದಿನದಿಂದ ಜಾರ್ಜಿಯಾದ ಆ ನದಿಯ ಸಾಲು ಬಂದಾಗ ನನಗೆ ಬೇಸಿಗೆಯಲ್ಲಿ ಅಜ್ಜಿ ಮಣ್ಣಿನ ಹೂಜಿಗೆ ಹಾಕುತ್ತಿದ್ದ ಲಾವಂಚದ ಬೇರಿನ ವಾಸನೆಯೇ ಬರುತ್ತದೆ. ಹಾಡಿನ ಹಿಂದೆ ಎರಡು ಕಂಠಗಳು ಕೇಳುತ್ತವೆ, ಮಿಲ್ಸ್ ಮತ್ತು ಬೆರಿ ಅವರದು. ಒಬ್ಬರು ಹಾಡಿದ್ದನ್ನು ಇನ್ನೊಬ್ಬರು ಕೇಳಿಸಿಕೊಳ್ಳದೆ, ಬೇರೆ ಬೇರೆಯಾಗಿ ಹಾಡಿ ಆಮೇಲೆ ಜೋಡಿಸಿದರು. ಒಂದು ಎದೆ ತೆರೆದು ಎತ್ತರಿಸಿ ಹಾಡುತ್ತದೆ, ಇನ್ನೊಂದು ತನ್ನಷ್ಟಕ್ಕೆ ತಾನು ಮೆಲ್ಲಗೆ ಇದೆ. ಬೆರಿ 1997ರಲ್ಲಿ ತಂಡವನ್ನು ಬಿಟ್ಟರು, ತಂಡವೂ 2011ರ ಸೆಪ್ಟೆಂಬರ್‌ನಲ್ಲಿ ನಿಂತಿತು. ಹೆಡ್‌ಫೋನ್ ಹಾಕಿಕೊಂಡು ಕೊನೆಯ ಒಂದು ನಿಮಿಷದಲ್ಲಿ ಆ ಎರಡು ಕಂಠಗಳನ್ನು ಬೇರೆ ಬೇರೆಯಾಗಿ ಹಿಡಿಯಲು ಪ್ರಯತ್ನಿಸಿ.